ಎಡಗಣ್ಣಿನ ಮೀನು

"ಇದನ್ನ ಮಗುಚಿ ನೋಡಿದ್ಯಾ?" ಎಂದು ಅಕ್ಕ ಕೇಳಿದಳು.

ಕಂಡವರ ದನಿಯನ್ನೆಲ್ಲ ಅಣಕಿಸುವ ಅವಳ ತಮ್ಮ ಗಿಳಿ ನೋಡಿರಲಿಲ್ಲ. ಪತ್ತೇದಾರಿಕೆಗೆ ಇಳಿದ ಮೇಲೆ ಜನರ ಮಾತು ಮಗುಚಿ ನೋಡಿದ್ದ, ಕಾಗದ ಮಗುಚಿ ನೋಡಿದ್ದ, ಒಮ್ಮೆ ಒಬ್ಬ ಅಡುಗೆಯವನ ಹಾಸಿಗೆಯನ್ನೂ ಮಗುಚಿದ್ದ. ಮೀನು ಮಗುಚಿದ್ದು ಮಾತ್ರ ಬಾಣಲೆಯಲ್ಲೇ.

ಅಕ್ಕ ಪಾಠ ಹೇಳುವ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಕೊನೆಯ ಕೋಣೆ ಅದು. ಗೋಡೆಯುದ್ದಕ್ಕೂ ಗಾಜಿನ ಭರಣಿಗಳು, ಒಳಗೆ ಬಿಳಿಚಿಕೊಂಡ ಜೀವಿಗಳು. ಕಿಟಕಿಯ ಪಕ್ಕದ ಕಲ್ಲುಮೇಜಿನ ಮೇಲೆ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಐಸಿನ ಗಡ್ಡೆಗೆ ಕಚ್ಚಿಕೊಂಡ ಚಪ್ಪಲಿ ಮೀನುಗಳು. ಚಪ್ಪಟೆಯಾಗಿ, ಕಂದು ಬಣ್ಣಕ್ಕೆ, ಅಂಗೈ ಅಗಲವಿರುವ ಯಾವ ಮೀನು ಬಂದರೂ ಪೇಟೆಯಲ್ಲಿ ಅದಕ್ಕೆ ಅದೇ ಹೆಸರು. ಎರಡು ಪಕ್ಕಪಕ್ಕ ಇಟ್ಟರೆ ಜೋಡು.

ಊರಿನ ಇಬ್ಬರು ಮೀನುಗಾರ ಅಣ್ಣತಮ್ಮಂದಿರ ದೋಣಿ ಅಳಿವೆಯಾಚೆ ಖಾಲಿಯಾಗಿ ತೇಲುತ್ತ ಸಿಕ್ಕಿತ್ತು, ಅದರಲ್ಲಿ ಹೋದ ದೊಡ್ಡವನು ಸಿಕ್ಕಿರಲಿಲ್ಲ, ಚಿಕ್ಕವನು ಲಾಕಪ್ಪಿನಲ್ಲಿದ್ದ, ನಾಳೆ ಅವನನ್ನು ಕೊಲೆ ಆರೋಪದ ಮೇಲೆ ಕೋರ್ಟಿಗೆ ಕರೆದೊಯ್ಯುವವರಿದ್ದರು. ದೋಣಿಯಲ್ಲಿ ಉಳಿದ ಸಾಕ್ಷಿ ಎಂದರೆ ಈ ಮೀನಿನ ಪೆಟ್ಟಿಗೆ. ಕಣ್ಣಾರೆ ಕಂಡ ಸಾಕ್ಷಿಯೇ ಸರಿ, ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಇನ್‌ಸ್ಪೆಕ್ಟರು ಏನೆನ್ನುತ್ತಾರೆ ಎಂದು ಅಕ್ಕ ಕೇಳಿದಳು. ಕೇಳಬಾರದಿತ್ತು. ಗಿಳಿ ಹೊಟ್ಟೆಯನ್ನು ಸ್ವಲ್ಪ ಮುಂದೆ ಬಿಟ್ಟ, ಗಲ್ಲ ಒಳಗೆಳೆದ, ಗಂಟಲಲ್ಲಿ ಎರಡು ಪುಟ್ಟ ಕೆಮ್ಮು ಕೆಮ್ಮಿ, ಜ್ವರದ ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ ಶುರುಮಾಡಿದ.

"ಹ್ಞ್ಂ, ಹ್ಞ್ಂ. ನೋಡು ಗಿಳಿಯಪ್ಪಾ. ಪೆಟ್ಟಿಗೇಲಿ ಮೀನಿದೆ ಅಂದ್ರೆ ದೋಣಿ ಕಡಲಿಗೆ ಹೋಗಿತ್ತು. ದೋಣಿ ಇಬ್ಬರದ್ದು. ಒಬ್ಬ ಮನೇಲಿ ಸಿಕ್ಕ, ಇನ್ನೊಬ್ಬ ಎಲ್ಲೂ ಸಿಗಲಿಲ್ಲ. ನೀನೇ ಕೂಡಿಸಿ ನೋಡು. ಅವಸರ ಯಾಕೆ, ಮೆಲ್ಲಗೆ ಕೂಡ್ಸು."

ಅಕ್ಕ ಚಿಮಟ ಹಿಡಿದೇ ನಕ್ಕಳು. "ನಿಜವಾಗ್ಲೂ ಹೀಗೇ ಮಾತಾಡ್ತಾರಾ?"

"ನಾನು ಕಡಿಮೆ ಮಾಡಿ ಹೇಳಿದೆ."

ಅಣಕಿಸಿದರೂ ಅವರ ಮೇಲೆ ಗಿಳಿಗೆ ಸಿಟ್ಟಿರಲಿಲ್ಲ. ಅಂಥ ಇನ್‌ಸ್ಪೆಕ್ಟರನ್ನು ಅವನು ಹೆಚ್ಚು ಕಂಡಿರಲಿಲ್ಲ. ಲಾಕಪ್ಪಿನ ಹುಡುಗನ ಮೇಲೆ ಕೈ ಎತ್ತಿರಲಿಲ್ಲ. ತಮ್ಮ ಮನೆಯಿಂದ ದಿಂಬು ತಂದುಕೊಟ್ಟಿದ್ದರು. ಬಂದ ತಾಯಿಗೆ ಬೆಂಚು ತೋರಿಸದೆ ತಮ್ಮ ಕೈಕುರ್ಚಿಯನ್ನೇ ಬಿಟ್ಟುಕೊಟ್ಟು, ತಾವು ಕಪಾಟಿಗೆ ಒರಗಿ ನಿಂತಿದ್ದರು. ಕಪಾಟಿಗೆ ಒರಗಿದ್ದು ಎರಡು: ಇನ್‌ಸ್ಪೆಕ್ಟರು, ಮತ್ತು ಬಟ್ಟೆಯ ಚೀಲದಲ್ಲಿ ಅವರ ಗಾಳದ ಕೋಲು. ರಜೆ ಸಿಕ್ಕರೆ ಅದೊಂದೇ ಖಯಾಲಿಯಂತೆ. ಮೀನನ್ನು ಪರೀಕ್ಷೆಗೆ ಕೊಡಿ ಎಂದಾಗ, ಮೀನಿಗೇನು ಪರೀಕ್ಷೆ, ಅದೇನು ಪಾಸಾಗಬೇಕಾ ಎಂದು ನಕ್ಕು, ಪೆಟ್ಟಿಗೆಯನ್ನೇ ಗಾಡಿಗೆ ಹಾಕಿಸಿದ್ದರು.

ಆದರೆ ಅವರ ಕೂಡಿಸುವ ಲೆಕ್ಕಕ್ಕೆ ಊರೇ ಸಾಕ್ಷಿಯಿತ್ತು. ದೊಡ್ಡವನು ಇತ್ತೀಚೆಗೆ ಹಗಲು ಹೊತ್ತಿನಲ್ಲೇ ದೋಣಿಯನ್ನು ತಡೆಗೋಡೆಯ ಬಂಡೆಗೆ ತಾಗಿಸಿದ್ದ. ಚಿಕ್ಕವನು ದಡಕ್ಕೆ ಹಾರಿ, ಎಲ್ಲರೆದುರು, ಇನ್ನು ನಿನ್ನ ಜೊತೆ ದೋಣಿ ಹತ್ತಲ್ಲ, ಒಬ್ಬನೇ ಮುಳುಗು ಎಂದು ಕೂಗಿದ್ದ. ಅಲ್ಲಿಂದ ದೊಡ್ಡವನು ಒಬ್ಬನೇ ಹೋಗುತ್ತಿದ್ದ. ಈಗ ಆ ಕೂಗೇ ಚಿಕ್ಕವನ ಕುತ್ತಿಗೆಗೆ ಸುತ್ತಿಕೊಂಡಿತ್ತು.

ಆ ಬೆಳಗ್ಗೆ ಅವನು ಮನೆಯಲ್ಲಿ ಮಲಗಿದ್ದ ಎಂದು ತಾಯಿ ಹೇಳುತ್ತಿದ್ದಳು. ತಾಯಿ ಇನ್ನೇನು ಹೇಳುತ್ತಾಳೆ ಎಂದು ಊರು ಹೇಳುತ್ತಿತ್ತು. ಬಲೆ ಹೆಣೆದು ಬೆರಳ ತುದಿಯೆಲ್ಲ ಗೆರೆಬಿದ್ದ ಹೆಂಗಸು. ಗಿಳಿಯ ಬಾಗಿಲಲ್ಲಿ ಕೂರದೆ ನಿಂತೇ ಮಾತಾಡಿದ್ದಳು. "ಒಬ್ಬನನ್ನ ನೀರು ನುಂಗ್ತು ಅಂತ ಹೇಳಪ್ಪಾ, ನಂಬ್ತೀನಿ. ಇನ್ನೊಬ್ಬ ನೂಕಿದ ಅಂತ ಮಾತ್ರ ಹೇಳಬೇಡ."

ಅಕ್ಕ ಚಿಮಟದಿಂದ ಒಂದು ಮೀನನ್ನು ಗಡ್ಡೆಯಿಂದ ಬಿಡಿಸಿ ಅಂಗಾತ ಹಾಕಿದಳು. ಬೆಳ್ಳಗಿರಬೇಕಾದ ಅಡಿಭಾಗದ ತುಂಬ ಕಪ್ಪು ಕಲೆ, ಬಿಳಿ ಪಂಚೆಯ ಮೇಲೆ ಯಾರೋ ಶಾಯಿ ಚೆಲ್ಲಿದ ಹಾಗೆ. ಇನ್ನೊಂದನ್ನು ಮಗುಚಿದಳು. ಅದಕ್ಕೂ ಕಲೆ. ಮತ್ತೊಂದು. ಅದಕ್ಕೂ.

ಕೊಳೆತಿದೆಯಾ ಎಂದು ಗಿಳಿ ಕೇಳಿದ. ಅಕ್ಕ ಅವನನ್ನು ಹಿಂದಿನ ಬೆಂಚಿನ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿದಳು.

"ಮೊಟ್ಟೆಯಿಂದ ಬಂದಾಗ ಇದೂ ಎಲ್ಲ ಮೀನಿನ ಹಾಗೇ ಕಣೋ. ನೆಟ್ಟಗೆ ಈಜುತ್ತೆ, ಆ ಕೆನ್ನೆಗೊಂದು ಕಣ್ಣು, ಈ ಕೆನ್ನೆಗೊಂದು. ಆಮೇಲೆ ಒಂದು ಕಣ್ಣು ಎದ್ದು ಹೊರಡುತ್ತೆ. ನೆತ್ತಿ ದಾಟಿ, ಇನ್ನೊಂದರ ಪಕ್ಕ ಹೋಗಿ ಕೂರುತ್ತೆ. ಅಷ್ಟು ಹೊತ್ತಿಗೆ ಮೀನು ತಳಕ್ಕಿಳಿದು ಮಗ್ಗುಲಾಗಿ ಮಲಗಿರುತ್ತೆ. ಇನ್ನು ಜೀವಮಾನಪೂರ್ತಿ ಅದೇ ಮಗ್ಗುಲು."

"ಎರಡೂ ಕಣ್ಣು ಒಂದೇ ಪಕ್ಕ. ಪಕ್ಷಪಾತ ಅನ್ನೋದು ಇದಕ್ಕೇ."

"ಪಾಠದ ನಡುವೆ ಮಾತಾಡಿದ್ರೆ ಹೊರಗೆ ನಿಲ್ಲಿಸ್ತೀನಿ."

ಅವಳು ಮುಂದುವರಿಸಿದಳು. ಕಣ್ಣಿರುವ ಮೇಲುಬದಿ ಮರಳಿನ ಬಣ್ಣ ತಾಳುತ್ತದೆ; ಬೇಟೆಗೂ ಅದೇ, ಬಚ್ಚಿಟ್ಟುಕೊಳ್ಳುವುದಕ್ಕೂ ಅದೇ. ಮರಳಿಗಂಟಿದ ಅಡಿಬದಿಗೆ ಬೆಳಕೇ ತಾಗದು, ಬಣ್ಣ ಯಾರಿಗೆ ತೋರಿಸಲಿಕ್ಕೆ ಬೇಕು. ಅದು ಬೆಳ್ಳಗೇ ಉಳಿಯುತ್ತದೆ. ಸಿಮೆಂಟು ತೊಟ್ಟಿಯಲ್ಲಿ ಬೆಳೆಸಿದರೆ ಬೇರೆ ಕತೆ. ಹೂತುಕೊಳ್ಳಲು ಮರಳಿಲ್ಲ, ತಿನ್ನುವುದು ಕಟ್ಟಿಕೊಟ್ಟ ಬುತ್ತಿ, ಕಣ್ಣು ಹೊರಳುವ ನಾಜೂಕಿನ ಕಾಲದಲ್ಲಿ ಏನಾದರೂ ಹೆಚ್ಚುಕಡಿಮೆಯಾಗುತ್ತದೆ. ಆಗ ಬಣ್ಣಕ್ಕೆ ದಾರಿ ತಪ್ಪುತ್ತದೆ, ಹೊಟ್ಟೆಯ ಕಡೆಗೂ ಇಳಿಯುತ್ತದೆ. ಕಡಲಲ್ಲೂ ಅಪರೂಪಕ್ಕೆ ಇಂಥದೊಂದು ಸಿಗಬಹುದು. ಪೆಟ್ಟಿಗೆ ತುಂಬ ಸಿಗುವುದಿಲ್ಲ.

ಒಂದರ ಹೊಟ್ಟೆ ಸೀಳಿ ಒಳಗಿದ್ದದ್ದನ್ನು ಗಾಜಿನ ಮೇಲೆ ಹರಡಿದಳು. ಹುಳುವಿಲ್ಲ, ಚಿಪ್ಪಿನ ಚೂರಿಲ್ಲ, ಮರಳಿನ ಕಣವೂ ಇಲ್ಲ. ಒಂದೇ ಹದಕ್ಕೆ ನುಣ್ಣಗಾದ ಕಂದು ಹಿಟ್ಟು.

"ಈ ಮೀನು ಕಡಲು ನೋಡೇ ಇಲ್ಲ" ಎಂದಳು.

ಗಿಳಿ ಕುರ್ಚಿಯ ತುದಿಗೆ ಬಂದ. ಮೀನು ಕಡಲಿನದಲ್ಲವೆಂದರೆ ಇನ್‌ಸ್ಪೆಕ್ಟರ ಲೆಕ್ಕದ ಮೊದಲ ಸಾಲೇ ತಪ್ಪು. ದೋಣಿ ಮೀನಿಗೆ ಹೋಗಿಯೇ ಇರಲಿಲ್ಲ; ಹೋದ ಹಾಗೆ ಕಾಣಲಿ ಎಂದು ಯಾರೋ ಪೆಟ್ಟಿಗೆ ಇಟ್ಟಿದ್ದರು. ಯಾರೋ ಎಂದರೆ ಮೀನಿನ ತೊಟ್ಟಿ ಕೈಗೆಟುಕುವವರು. ಬಲೆ ಹೆಣೆಯುವವರ ಮನೆಯ ಹುಡುಗನಿಗೆ ತೊಟ್ಟಿ ಎಲ್ಲಿಂದ ಬರಬೇಕು.

ಆಗ ಅವನಿಗೆ ಠಾಣೆಯಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದ ಗಳಿಗೆ ನೆನಪಾಯಿತು. ಅಷ್ಟೂ ಮೀನು ಕಂದು ಬದಿ ಮೇಲಾಗಿ, ಸಾಲಾಗಿ, ಅವನನ್ನೇ ಕಣ್ಣು ಬಿಟ್ಟು ನೋಡುತ್ತಿದ್ದವು. ಪೇಟೆಯಲ್ಲಿ ಹಾಗಿಡುವುದಿಲ್ಲ. ಮಾರುವವರು ಬಿಳಿ ಹೊಟ್ಟೆ ಮೇಲೆ ಮಾಡಿ ಇಡುತ್ತಾರೆ. ಬಿಳುಪು ಎಷ್ಟೋ ತಾಜಾತನ ಅಷ್ಟು. ಇಲ್ಲಿ ಯಾರೋ ಕಲೆ ಮುಚ್ಚಲು ನೋಡಿದ್ದರು. ಸಾಲು ತಪ್ಪಿದ್ದು ಎಲ್ಲಕ್ಕಿಂತ ಮೇಲಿದ್ದ ಒಂದೇ ಮೀನು. ಅದು ಅಂಗಾತ ಬಿದ್ದಿತ್ತು, ಯಾರೋ ಎಸೆದ ಹಾಗೆ, ಬೆಳ್ಳಗೆ. ಠಾಣೆಗೆ ತರುವಾಗ ಗಾಡಿಯ ಕುಲುಕಾಟಕ್ಕೆ ಹೊರಳಿರಬೇಕು ಎಂದು ಆಗ ಅಂದುಕೊಂಡಿದ್ದ.

ಅಕ್ಕ ಅದನ್ನು ಹುಡುಕಿದಳು. ತಲೆಯೆಲ್ಲ ಐಸಿನೊಳಗೆ ಸಿಕ್ಕಿಕೊಂಡಿತ್ತು, ಒಂದು ಅಂಚಿನಿಂದ ಕಣ್ಣುಗಳು ಮಾತ್ರ ಇಣುಕುತ್ತಿದ್ದವು. ಅವಳು ತಟ್ಟೆಯನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು, ಮಾತು ನಿಲ್ಲಿಸಿದಳು.

"ಇದರ ಕಣ್ಣು ಎಡಕ್ಕಿದೆ."

ಮಿಕ್ಕವುಗಳದ್ದೆಲ್ಲ ಬಲಕ್ಕೆ. ಅದನ್ನು ನೋಡುವ ಬಗೆಯನ್ನೂ ತೋರಿಸಿದಳು: ಹೊಟ್ಟೆಯ ಚೀಲ ಕೆಳಗೆ ಬರುವಂತೆ, ಈಜುವ ಹಾಗೆ ನೆಟ್ಟಗೆ ಹಿಡಿ, ಮೀನಿನ ಹಿಂದೆ ನಿಂತಿದ್ದೀ ಅಂದುಕೋ, ಕಣ್ಣು ಯಾವ ಕೈ ಕಡೆಗಿದೆ ನೋಡು. ಒಂದೊಂದು ಜಾತಿಗೆ ಒಂದೊಂದು ಕಡೆ. ಎಲ್ಲೋ ಒಂದು ಉಲ್ಟಾ ಆಗುವುದೂ ಉಂಟು, ಮನುಷ್ಯರಲ್ಲಿ ಎಡಚರು ಇದ್ದ ಹಾಗೆ. ಇದು ಉಲ್ಟಾ ಇರಬಹುದು, ಬೇರೆ ಜಾತಿಯೇ ಇರಬಹುದು. ಬಾಯಿ ನೋಡದೆ ಹೇಳಲಾರೆ, ಎಳೆದರೆ ಹರಿಯುತ್ತದೆ, ಐಸು ಕರಗಲಿ.

ಗಿಳಿಗೆ ಕರಗುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಕಲೆಯ ಮೀನೊಂದನ್ನು ಕಾಗದದಲ್ಲಿ ಸುತ್ತಿಕೊಂಡು, ಮೀನಮೇಷ ಎಣಿಸದೆ ಹೊರಟ. ದಾರಿಯಲ್ಲಿ ಇನ್‌ಸ್ಪೆಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದ: ಇವು ತೊಟ್ಟಿಯ ಮೀನು, ಒಂದು ಬಿಟ್ಟು, ಆ ಒಂದು ಇನ್ನೂ ಅಕ್ಕನ ಹತ್ತಿರ ಐಸಿನಲ್ಲಿದೆ, ನಾಳೆಯ ಕೋರ್ಟಿನ ವಿಷಯ ಸ್ವಲ್ಪ ತಡೆಯಿರಿ. ಒಳ್ಳೆಯದು ಎಂದರು ಇನ್‌ಸ್ಪೆಕ್ಟರು. ಅಷ್ಟೇ ಅಂದರು.

ಸುತ್ತಮುತ್ತ ಇದ್ದದ್ದು ಒಂದೇ ಮೀನುಮರಿ ಕೇಂದ್ರ. ಹಿನ್ನೀರಿನ ಕಾಲುವೆಯ ದಂಡೆಗೆ, ಎತ್ತರದ ಗೋಡೆ, ತಗ್ಗಿನ ಸೂರು. ಗೋಡೆಯ ಹಿಂಬದಿಯ ತೂಬಿನಿಂದ ಉಪ್ಪುನೀರು ಒಳಗೆ ಬರುತ್ತಿತ್ತು. ಬಾಗಿಲಲ್ಲೇ ನೇರಳೆ ಬಣ್ಣದ ನೀರಿನ ಹರಿವಾಣ. ಕಾಲು ಅದ್ದದೆ ಒಳಗೆ ಯಾರೂ ಬರುವಂತಿಲ್ಲ. ಮರಿಗಳಿಗೆ ಕಣ್ಣು ಹೊರಳುವ ಕಾಲ, ಹೊರಗಿನ ರೋಗ ತಾಗಬಾರದು. ಆ ಕಾಲ ಮುಗಿಯುವವರೆಗೆ ಮೇಲ್ವಿಚಾರಕಿ ಗೇಟು ದಾಟುವುದಿಲ್ಲ, ಫೋನನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾಳೆ ಎಂದು ಕಾವಲಿನವನು ಎಚ್ಚರಿಸಿದ. ಎಲ್ಲರ ಬಾಯಲ್ಲಿ ಅವಳು ತೊಟ್ಟಿಯಕ್ಕ. ತೊಟ್ಟಿಗಳನ್ನು ತೊಟ್ಟಿಲಿನಂತೆ ನೋಡಿಕೊಳ್ಳುವವಳು.

ಹೊರಗಿನ ಶೆಡ್ಡಿಗೆ ಬಂದಳು. ಮೊಣಕಾಲವರೆಗೆ ರಬ್ಬರ್ ಬೂಟು, ಉಪ್ಪಿಗೆ ಬಿರಿದ ಮುಂಗೈ, ನಿದ್ದೆಗೆಟ್ಟ ಕಣ್ಣು. ಶೆಡ್ಡಿನಲ್ಲಿ ದೊಡ್ಡ ಮೀನುಗಳ ಒಂದು ತೊಟ್ಟಿ. ಗಾಳಿಯ ಕೊಳವೆಗಳು ಅದರಲ್ಲಿ ಗುಳುಗುಳು ಎನ್ನುತ್ತಿದ್ದವು.

ಗಿಳಿ ದಾರಿಯುದ್ದಕ್ಕೂ ಕೊಲೆಗಾರನೊಬ್ಬನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಒಬ್ಬ ಸರ್ಕಾರಿ ವಕೀಲರ ದನಿಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದ. ಈಗ ಆ ದನಿ ಎದ್ದು ಬರಲಿಲ್ಲ. ಕಾಗದ ಬಿಚ್ಚಿ, ಮೀನನ್ನು ತೊಟ್ಟಿಯ ಕಟ್ಟೆಯ ಮೇಲೆ ಅಂಗಾತ ಇಟ್ಟ, ಕಲೆ ಕಾಣುವ ಹಾಗೆ.

ತೊಟ್ಟಿಯಕ್ಕ ಅದು ಏನೆಂದು ಕೇಳುವ ಮೊದಲೇ ಅವಳ ಕೈ ಹೋಗಿ ಮೀನನ್ನು ಮಗುಚಿತು. ಕಣ್ಣು ಮೇಲೆ, ಹೊಟ್ಟೆ ಕೆಳಗೆ, ತಲೆ ನೇರಕ್ಕೆ. ಆಮೇಲೆ ಅವಳು ಗಿಳಿಯ ಮುಖ ನೋಡಿದಳು. ಗಿಳಿ ಅವಳ ಕೈ ನೋಡುತ್ತಿದ್ದ.

ಕಲೆ ಮುಚ್ಚಲು ಯಾರೂ ಪೆಟ್ಟಿಗೆಯ ಮೀನನ್ನು ಹಾಗೆ ಜೋಡಿಸಿರಲಿಲ್ಲ. ಸತ್ತ ಮೀನಾದರೂ ಹೊಟ್ಟೆಗೆ ಬೆಳಕು ಬೀಳಬಾರದು ಎನ್ನುವ ಕೈ ಅದು. ಲೋಕದಲ್ಲಿ ಬೇರೆ ಯಾರೂ ಮಾಡದ ತಪ್ಪು.

"ಪೆಟ್ಟಿಗೆ ತುಂಬಿದ್ದು ನೀವೇ" ಎಂದ ಗಿಳಿ.

ಅವಳು ಬೂಟಿನ ತುದಿ ನೋಡಿಕೊಂಡು ನಿಯಮ ಹೇಳಿದಳು. ಕಲೆ ಬಿದ್ದವು, ಬೆನ್ನು ಸೊಟ್ಟಗಾದವು, ಕಣ್ಣು ಅರ್ಧ ದಾರಿಯಲ್ಲೇ ನಿಂತವು, ಇವನ್ನು ಬೇರೆ ಮಾಡಿ ಸುಣ್ಣದ ಗುಂಡಿಗೆ ಹಾಕಬೇಕು. ಹೊರಗೆ ಕೊಡುವಂತಿಲ್ಲ. ಕೊಟ್ಟವರ ಕೆಲಸ ಹೋಗುತ್ತದೆ. ಇಷ್ಟನ್ನೂ ಗೋಡೆಯ ಫಲಕ ಓದುವವಳಂತೆ ಹೇಳಿ ಮುಗಿಸಿದಳು. ನೀವು ಕೊಟ್ಟಿರಾ ಎಂದು ಗಿಳಿ ಕೇಳಿದರೆ, ಉತ್ತರದ ಬದಲು ಅವಳೊಂದು ಪ್ರಶ್ನೆ ಕೇಳಿದಳು.

"ಅವರು ಆಸ್ಪತ್ರೆಗೆ ಸೇರ್ಕೊಂಡ್ರಾ?"

ಗಿಳಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಇವಳಿಗೆ ಗೊತ್ತೇ ಇಲ್ಲ. ಗೇಟು ದಾಟಿಲ್ಲ, ಫೋನು ಕಪಾಟಿನಲ್ಲಿದೆ, ಕಾವಲಿನವನಿಗೆ ಈ ಸಂಬಂಧ ತಿಳಿಯದು. ಅವನು ತೊಟ್ಟಿಯ ಕಟ್ಟೆಯ ಮೇಲೆ ಕೂತ, ಅವಳಿಗೂ ಕೂರಲು ಹೇಳಿದ, ಆಮೇಲೆ ಯಾರ ದನಿಯನ್ನೂ ಎರವಲು ಪಡೆಯದೆ ಹೇಳಿದ: ದೋಣಿ ಖಾಲಿ ಸಿಕ್ಕಿದ್ದು, ದೊಡ್ಡವನು ಸಿಗದೇ ಇದ್ದದ್ದು, ಚಿಕ್ಕವನನ್ನು ಹಿಡಿದದ್ದು, ನಾಳೆ ಕೋರ್ಟು.

ಅವಳು ಅಳಲಿಲ್ಲ. ಎದ್ದು ಹೋಗಿ ಗಾಳಿಯ ಕೊಳವೆಯೊಂದನ್ನು ಸರಿಮಾಡಿ ಬಂದಳು. ಅದು ಸರಿಯಾಗಿಯೇ ಇತ್ತು.

ಆಮೇಲೆ ಮಾತು ಬಂತು, ತೂಬು ಎತ್ತಿದ ಹಾಗೆ. ದೊಡ್ಡವನಿಗೆ ಕಣ್ಣು ಹೋಗುತ್ತಿತ್ತು. ನೇರ ನೋಡಿದ ಕಡೆಯೇ ಒಂದು ಬೂದಿ ಬಣ್ಣದ ತೂತು, ಸುತ್ತ ಅಂಚಿನಲ್ಲಿ ಮಾತ್ರ ಲೋಕ. ತಡೆಗೋಡೆಗೆ ದೋಣಿ ತಾಗಿಸಿದ್ದು ಅದರಿಂದ. ತಮ್ಮ ಅಷ್ಟೊಂದು ಕೂಗಾಡಿದರೂ ಕಾರಣ ಹೇಳಲಿಲ್ಲ. ಹೇಳಿದರೆ ಇವನು ಕಡಲು ಬಿಟ್ಟು ನನ್ನ ಕೈಕೋಲು ಹಿಡಿಯುತ್ತಾನೆ, ಅಮ್ಮ ಬಲೆ ಹೆಣೆಯುತ್ತಾ ಎದುರಿಗೆ ಕೂತು ಕಣ್ಣೀರಿಡುತ್ತಾಳೆ ಅನ್ನುತ್ತಿದ್ದ. ಅದಕ್ಕೇ ಬೆಳಗಾಗುವ ಹೊತ್ತಿಗೆ ದೋಣಿಯನ್ನು ಕಾಲುವೆಯ ದಂಡೆ ಹಿಡಿದು ತೂಬಿನವರೆಗೆ ತರುತ್ತಿದ್ದ. ಅಂಚಿನ ಕಣ್ಣಿಗೆ ಗೋಡೆ ಕಾಣುತ್ತಿತ್ತು, ಅಷ್ಟು ಸಾಕಿತ್ತು. ಸುಣ್ಣದ ಗುಂಡಿಗೆ ಹೋಗಬೇಕಾದದ್ದನ್ನು ಅವಳು ಪೆಟ್ಟಿಗೆಯಲ್ಲಿ ಕೊಡುತ್ತಿದ್ದಳು. ಅವನು ಅದನ್ನು ಕಡಲಿನದೆಂದು ಮನೆಗೆ ಒಯ್ಯುತ್ತಿದ್ದ.

"ಕೊಡ್ಬಾರದು ಅಂತ ಗೊತ್ತಿತ್ತು ಸಾರ್" ಎಂದಳು. "ತಿಂದ್ರೆ ಏನೂ ಆಗಲ್ಲ ಅಂತಾನೂ ಗೊತ್ತಿತ್ತು. ಚೆಂದ ಇಲ್ಲ ಅಷ್ಟೇ ತಾನೇ ಅವುಗಳ ತಪ್ಪು."

ಹೋಗುವ ಮೊದಲು ಅವನು ಮರಿಗಳ ಕೋಣೆಯ ಕಿಟಕಿಯಾಚೆ ನಿಲ್ಲುತ್ತಿದ್ದನಂತೆ. ಇವತ್ತು ಕಣ್ಣು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ. ಅವಳು ಒಳಗಿನಿಂದಲೇ, ನೆತ್ತಿ ಹತ್ತಿದೆ, ನೆತ್ತಿ ಇಳೀತಿದೆ ಎಂದು ವರದಿ ಒಪ್ಪಿಸುತ್ತಿದ್ದಳು.

"ಇವುಗಳ ಕಣ್ಣು ಮನೆ ಬದಲಿಸ್ತವೆ, ನನ್ನವು ಮನೆ ಖಾಲಿ ಮಾಡ್ತಿವೆ ಅಂತ ನಗ್ತಿದ್ರು. ಆಸ್ಪತ್ರೆಗೆ ಹೋಗಿ ಅಂತ ದಿನಾ ಜಗಳ ಆಡ್ತಿದ್ದೆ. ಬರೋದು ನಿಂತ ಮೇಲೆ, ಸದ್ಯ, ಹೋದ್ರಲ್ಲ ಅಂತ ಖುಷಿಪಟ್ಟೆ."

ಗಿಳಿ ಬಗ್ಗಿ ಕೈಯನ್ನು ತೊಟ್ಟಿಯ ನೀರಿಗೆ ಬಿಟ್ಟ, ಸುಮ್ಮನೆ. ತಳದಲ್ಲಿ ಮಲಗಿದ್ದ ಒಂದು ಮೀನು ಜಾಗ ಬಿಟ್ಟು ಸರಿಯಿತು. ಅದು ಸರಿಯುವವರೆಗೂ ಅಲ್ಲೊಂದು ಮೀನಿದ್ದದ್ದೇ ತಿಳಿದಿರಲಿಲ್ಲ. ಕೊಲೆಗಾರನನ್ನು ಹುಡುಕಿ ಬಂದವನ ಕೈಗೆ ಸಿಕ್ಕಿದ್ದು ಒಬ್ಬಳ ಮರುಕ. ಇದನ್ನು ಕೋರ್ಟಿನಲ್ಲಿ ಹೇಳಿಸಿದರೆ ಚಿಕ್ಕವನು ಉಳಿಯಬಹುದು, ಇವಳ ಕೆಲಸ ಉಳಿಯುವು­ದಿಲ್ಲ. ಹೇಳುತ್ತೀರಾ ಎಂದು ಹೇಗೆ ಕೇಳುವುದೆಂದು ಅವನು ಯೋಚಿಸುತ್ತಿರುವಾಗಲೇ, ನಾಳೆ ಯಾವ ಹೊತ್ತಿಗೆ ಬರಬೇಕು ಎಂದು ಅವಳೇ ಕೇಳಿದಳು. ಮರಿಗಳನ್ನು ನೋಡಿಕೊಳ್ಳಲು ಯಾರನ್ನಾದರೂ ಬಿಟ್ಟು ಬರಬೇಕಲ್ಲ.

ಗಿಳಿಗೆ ಒಂದೇ ಒಂದು ಉಳಿದಿತ್ತು. ಕೊನೆಯ ಪೆಟ್ಟಿಗೆಯಲ್ಲಿ ಎಡಗಣ್ಣಿನದು ಒಂದಿತ್ತಲ್ಲ ಎಂದ.

"ಇಲ್ಲ."

"ಇತ್ತು. ನಾನೇ ನೋಡಿದೆ."

"ನಮ್ಮಲ್ಲಿರೋದು ಬಲಗಣ್ಣಿನ ಜಾತಿ ಒಂದೇ ಸಾರ್. ಅದರಲ್ಲಿ ಎಡದ್ದು ಹುಟ್ಟಿದ್ರೆ ಕೊಡ್ತೀವಾ? ಗಾಜಿನ ತೊಟ್ಟೀಲಿ ಬೇರೆ ಇಟ್ಟು ಎಲ್ಲರಿಗೂ ತೋರಿಸ್ತೀವಿ." ಅವಳು ತಲೆಯಾಡಿಸಿದಳು. "ಒಂದೊಂದನ್ನೂ ನಾನೇ ಜೋಡಿಸಿದ್ದು. ಅದು ನಾನು ಇಟ್ಟ ಮೀನಲ್ಲ."

ಹಾಗಾದರೆ ಪೆಟ್ಟಿಗೆ ಇವಳ ಕೈಬಿಟ್ಟ ಮೇಲೆ ಯಾರೋ ಅದರ ಮೇಲೆ ಒಂದು ಮೀನು ಎಸೆದಿದ್ದರು. ಆ ಬೆಳಗ್ಗೆ ಏನಾಯಿತೆಂದು ನಿಧಾನವಾಗಿ ನೆನಪಿಸಿಕೊಳ್ಳಲು ಹೇಳಿದ.

ಮಂಜಿತ್ತು. ತೂಬಿನ ಬಳಿ ಪೆಟ್ಟಿಗೆ ಇಳಿಸಿಕೊಟ್ಟು, ಕತ್ತು ಹೊರಳಿಸಿ ನೋಡಿದರೆ ದೋಣಿಯ ಮೂತಿಯೂ ಕಾಣದಷ್ಟು ಮಂಜು. ಅವಳು ಮರಿಗಳ ಕಡೆ ತಿರುಗಿದಾಗ ನೀರಿನ ಮೇಲೆ ಇನ್ನೊಂದು ದೋಣಿಯ ಹುಟ್ಟಿನ ಸದ್ದು ಕೇಳಿತು. ಆಮೇಲೆ ಒಂದು ದನಿ.

"ಅಣ್ಣಾ ಅಂತ ಕರೀತು. ಅಷ್ಟೇ ಕೇಳಿಸಿದ್ದು, ಮಿಕ್ಕಿದ್ದೆಲ್ಲ ಮೆಲ್ಲಗೆ ಮಾತಾಡ್ಕೊಂಡ್ರು. ಇವರು ನಕ್ಕಿದ್ದು ಕೇಳಿಸ್ತು. ತಮ್ಮ ಬಂದ, ರಾಜಿ ಆಯ್ತು ಅಂದ್ಕೊಂಡೆ. ಪ್ರೀತಿ ಇತ್ತು ಸಾರ್ ಆ ದನೀಲಿ."

ಅಷ್ಟು ಪ್ರೀತಿಯಿಂದ ಅವನನ್ನು ಅಣ್ಣಾ ಎಂದು ಕರೆಯಲು ಊರಲ್ಲಿ ಇನ್ನು ಯಾರಿದ್ದಾರೆ? ಚಿಕ್ಕವನನ್ನು ಉಳಿಸಲೆಂದು ಹಿಡಿದ ಹಗ್ಗದ ಇನ್ನೊಂದು ತುದಿ ಅವನ ಕೊರಳಲ್ಲೇ ಇದ್ದ ಹಾಗಿತ್ತು. ಇವಳು ಕೋರ್ಟಿಗೆ ಬಂದು ಇದನ್ನೂ ಹೇಳಿದರೆ ತಾಯಿಯ ಮಾತು ಸುಳ್ಳಾಗುತ್ತದೆ. ಕೇಳದೆ ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿತು. ಕೇಳಿ ಆಗಿತ್ತು.

"ಕಣ್ಣು ಮುಚ್ಕೊಳ್ಳಿ" ಎಂದ.

ಲಾಕಪ್ಪಿನ ಕಂಬಿಯ ಹಿಂದೆ ಕೇಳಿದ ಚಿಕ್ಕವನ ದನಿಯನ್ನು ನೆನಪಿಗೆ ತಂದುಕೊಂಡ. ಹರಿದ ತಗಡಿನಂತೆ ಅಂಚು ಚೂಪಾದ, ಪ್ರತಿ ಮಾತಿನ ಕೊನೆಗೆ ಮೇಲಕ್ಕೆ ಹಾರುವ ದನಿ. ಗಂಟಲು ಬಿಗಿದು, ನೀರಿನ ಕಡೆ ಮುಖ ಮಾಡಿ, "ಅಣ್ಣಾ" ಎಂದ. ಮತ್ತೊಮ್ಮೆ, ತಣ್ಣಗೆ, ರಾಜಿಗೆ ಬಂದವನ ಹಾಗೆ: "ಅಣ್ಣಾ."

ತೊಟ್ಟಿಯಕ್ಕ ತುಂಬ ಹೊತ್ತು ಕಣ್ಣು ತೆರೆಯಲಿಲ್ಲ. ಗಿಳಿಗೆ ಕೊಳವೆಯ ಗುಳುಗುಳು ಅಷ್ಟು ದೊಡ್ಡದಾಗಿ ಎಂದೂ ಕೇಳಿಸಿರಲಿಲ್ಲ.

"ಅಲ್ಲ" ಎಂದಳು. "ಇದು ಎಳೇ ದನಿ. ಅದು ದೊಡ್ಡವರದ್ದು. ಅವರಿಗಿಂತ ಒಂದೆರಡು ವರ್ಷ ಚಿಕ್ಕವರಿರಬಹುದು, ಅಷ್ಟೇ."

ಗಿಳಿ ಉಸಿರುಬಿಟ್ಟ. ತಾಯಿ ಹೇಳಿದ್ದು ನಿಜ. ಈಗಿಂದೀಗಲೇ ಠಾಣೆಗೆ ಹೋಗಿ, ಆ ಕೈಕುರ್ಚಿಯ ಮುಂದೆ ಮಂಡಿಯೂರಿ ಅವಳಿಗೆ ಹೇಳಬೇಕು ಎನ್ನಿಸಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಕೈಯೆಲ್ಲ ಉಪ್ಪುನೀರು, ಎರಡು ಬೆರಳಲ್ಲಿ ಎತ್ತಿ, ಕಟ್ಟೆಯ ಮೇಲೆ ಮೀನಿನ ಪಕ್ಕ ಇಟ್ಟು, ಸ್ಪೀಕರ್ ಒತ್ತಿದ.

"ಐಸು ಕರಗ್ತು ಕಣೋ" ಅಕ್ಕನ ದನಿಯಲ್ಲಿ ಸಂಭ್ರಮವಿತ್ತು. "ಇದು ಉಲ್ಟಾ ಅಲ್ಲ, ಜಾತಿನೇ ಬೇರೆ. ಮಿಕ್ಕವಕ್ಕೆ ಬಾಯಿ ಸಣ್ಣದು, ಸೊಟ್ಟ, ಹುಳ ಹೆಕ್ಕೋ ಬಾಯಿ. ಇದರದ್ದು ಕಣ್ಣಿನ ಕೆಳಗಿನ ತನಕ ಸೀಳಿದೆ, ಒಳಗೆ ಕೋರೆ. ಸಣ್ಣ ಮೀನು ಅಟ್ಟಿ ಹಿಡಿಯೋ ಬೇಟೆಗಾರ. ಪಕ್ಕದ ಗೆರೆ ನೋಡು ಅಂದ್ರೆ ಅದೂ ಬೇರೆ. ಅವಕ್ಕೆ ನೆಟ್ಟಗೆ, ಇದಕ್ಕೆ ರೆಕ್ಕೆ ಮೇಲೆ ಬಿಲ್ಲಿನ ಹಾಗೆ ಬಾಗಿದೆ. ಹೊಟ್ಟೆ ಹಾಲಿನ ಹಾಗೆ ಬಿಳಿ, ಒಂದು ಕಲೆ ಇಲ್ಲ. ಅಪ್ಪಟ ಕಡಲಿನದು."

ಎಂದರೆ ದೋಣಿ ಕಡಲಿಗೆ ಹೋಗಿತ್ತು. ತೂಬಿನಿಂದ ಹೊರಟ ಮೇಲೆ, ಅಣ್ಣಾ ಎಂದವನ ಜೊತೆಗೆ.

"ಇನ್ನೂ ಇದೆ. ಇದು ಬಲೇಲಿ ಸಿಕ್ಕಿದ್ದಲ್ಲ. ದವಡೇಲಿ ಗಾಳ ಉಳ್ಕೊಂಡಿದೆ, ದಾರ ಹರಿದಿದೆ. ಗಾಳಕ್ಕೆ ಕೆಂಪು ಪುಕ್ಕ ಕಟ್ಟಿದ್ದಾರೆ, ಎಷ್ಟು ನಾಜೂಕಾಗಿ ಅಂತೀಯಾ. ಹೊಟ್ಟೆಪಾಡಿಗೆ ಮೀನು ಹಿಡಿಯೋರು ಇಷ್ಟು ಸಿಂಗಾರ ಮಾಡಲ್ಲ. ಇದು ಯಾರದ್ದೋ ಖಯಾಲಿ."

ಖಯಾಲಿ. ಆ ಮಾತನ್ನು ಇತ್ತೀಚೆಗೆ ಎಲ್ಲೋ ಅಂದುಕೊಂಡಿದ್ದ ಹಾಗಿತ್ತಲ್ಲ. ಗಿಳಿ ನೆನಪಿನಲ್ಲಿ ಒಂದು ಕೋಣೆಯ ಬಾಗಿಲು ತಳ್ಳಿದ. ಕೈಕುರ್ಚಿ, ಕಪಾಟು, ಕಪಾಟಿಗೆ ಒರಗಿಸಿದ ಬಟ್ಟೆಯ ಚೀಲ.

"ಅಂದ ಹಾಗೆ," ಅಕ್ಕ ದನಿ ತಗ್ಗಿಸಿದಳು, ನಗು ತಡೆಯುತ್ತಾ, "ನಿಮ್ಮ ಇನ್‌ಸ್ಪೆಕ್ಟರು ಇಲ್ಲೇ ಬಂದು ಕೂತಿದ್ದಾರೆ. ನೀನು ಕಡಿಮೆ ಮಾಡಿ ಹೇಳಿದ್ದೆ ಅನ್ನೋದು ನಿಜ ಕಣೋ. ಪಾಪ, ಯಾಕೋ ತುಂಬಾ ಬಳಲಿದ್ದಾರೆ, ಈ ಮೀನನ್ನ ಕೈಯಲ್ಲಿ ಹಿಡ್ಕೊಂಡು ಅದನ್ನೇ ನೋಡ್ತಾ ಇದ್ದಾರೆ. ಕೊಡ್ತೀನಿ ಇರು, ಮಾತಾಡು."

ಬೇಡ ಎನ್ನುವಷ್ಟರಲ್ಲಿ ಫೋನು ಕೈ ಬದಲಾದ ಸದ್ದು ಕೇಳಿತು.

"ಹ್ಞ್ಂ, ಹ್ಞ್ಂ."

ತೊಟ್ಟಿಯಕ್ಕ ಎದ್ದು ನಿಂತಳು.

"ಗಿಳಿಯಪ್ಪಾ, ಈ ಒಂದನ್ನ ನಾನು ತಗೊಂಡು ಹೋಗ್ತೀನಿ. ಆ ಹುಡುಗನ ವಿಷಯ ನಾನು ನೋಡ್ಕೋತೀನಿ, ಅವನಿಗೇನೂ ಆಗಲ್ಲ. ನೀನು ಓಡಾಡಿದ್ದು ಸಾಕು. ಅವಸರ ಯಾಕೆ, ಮೆಲ್ಲಗೆ ಬಾ."

ಅವಳ ಒಂದು ಕೈ ಬಾಯಿಯ ಮೇಲಿತ್ತು. ಇನ್ನೊಂದು ಕೈ, ಉಪ್ಪಿಗೆ ಬಿರಿದ ಆ ಕೈ, ನೇರವಾಗಿ ಫೋನನ್ನು ತೋರಿಸುತ್ತಿತ್ತು.

ಊರಿನ ಎಲ್ಲರ ದನಿಯೂ ಬರುತ್ತಿದ್ದ ಗಿಳಿಗೆ ತನ್ನದೊಂದು ಮಾತ್ರ ಸಿಗಲಿಲ್ಲ. ಕೊಳವೆಗಳು ಗುಳುಗುಳು ಎಂದವು. ಆ ಕಡೆಯೂ ಮಾತು ನಿಂತಿತ್ತು, ಯಾರೋ ಕಿವಿಗೊಟ್ಟು ಕೇಳುತ್ತಿರುವ ಹಾಗೆ.

"ಅಲ್ಲಿ ತೊಟ್ಟಿಯ ನೀರಿನ ಸದ್ದು ಬರ್ತಿದೆಯಲ್ಲಪ್ಪಾ" ಎಂದಿತು ಆ ದನಿ, ಅಷ್ಟೇ ಪ್ರೀತಿಯಿಂದ. "ನಿನ್ನ ಪಕ್ಕದಲ್ಲಿ ಯಾರಿದ್ದಾರೆ?"